ಮೈಸೂರಲ್ಲಿ ಪ್ರೋಟೀನ್ ಸ್ಟ್ರಕ್ಚರ್ ವೀಕೆಂಡ್ ಕೋರ್ಸ್: 8,500 ಕೊಟ್ಟು ಬಂದೋಳ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಇನ್ಸ್ಟಿಟ್ಯೂಟ್ ಹೆಸ್ರು ಹಾಕಲ್ಲ. ಮೈಸೂರಲ್ಲೇ, ಕೆಳಗಡೆ ಜೆರಾಕ್ಸ್ ಅಂಗಡಿ, ಮೇಲ್ಗಡೆ ಇವ್ರು. ಹೆಸ್ರು ಹಾಕಿದ್ರೆ ಅಲ್ಲಿ ಪಾಠ ಮಾಡೋ ಒಬ್ರು ಮೇಡಂಗೆ ತೊಂದ್ರೆ ಆಗುತ್ತೆ, ಆ ಕೋರ್ಸಲ್ಲಿ ದುಡ್ಡಿಗೆ ಬೆಲೆ ಬಂದಿದ್ದೇ ಅವ್ರಿಂದ. ರೇಟಿಂಗ್ 5ಕ್ಕೆ 3. ಮೇಡಂ ಇಲ್ದಿದ್ರೆ ಒಂದೂ ಕೊಡ್ತಿರ್ಲಿಲ್ಲ.

ನಾನ್ಯಾಕ್ ಸೇರ್ಕೊಂಡೆ ಅಂದ್ರೆ, ಎಂಎಸ್ಸಿ ಬಯೋಕೆಮಿಸ್ಟ್ರಿ ಮುಗಿಸಿ ಒಂದ್ ಪಿಎಚ್‌ಡಿ ಇಂಟರ್ವ್ಯೂಗೆ ಹೋಗಿದ್ದೆ. ಹಿಮೋಗ್ಲೋಬಿನ್ ಬಗ್ಗೆ ಭರ್ಜರಿಯಾಗಿ ಮಾತಾಡ್ದೆ, ನಾಲ್ಕು ಚೈನು, ಹೀಮ್, ಆಕ್ಸಿಜನ್ ಬಂದು ಕೂತ್ರೆ ಹೆಂಗೆ ಅಲುಗಾಡುತ್ತೆ ಎಲ್ಲಾ. ಆಮೇಲೆ ಪ್ಯಾನಲ್ಲಲ್ಲಿ ಮೂಲೇಲಿ ಕೂತಿದ್ದ ಒಬ್ರು, ಅಲ್ಲಿವರ್ಗೂ ಒಂದ್ ಮಾತೂ ಆಡಿರ್ಲಿಲ್ಲ, "ಇದೆಲ್ಲಾ ನೋಡ್ದೋರ್ ಯಾರಮ್ಮ?" ಅಂದ್ರು. ಎಕ್ಸ್-ರೇ ಕ್ರಿಸ್ಟಲೋಗ್ರಫಿ ಸರ್ ಅಂದೆ, ಅಂದ್ರೆ ಪ್ರೋಟೀನನ್ನ ಹರಳು ಮಾಡಿ, ಅದಕ್ಕೆ ಎಕ್ಸ್-ರೇ ಹೊಡೆದು, ಬೀಳೋ ಚುಕ್ಕಿಗಳಿಂದ ಅದ್ರ ಆಕಾರ ಕಂಡುಹಿಡಿಯೋದು. "ಸರಿ, ಫೇಸ್ ಎಲ್ಲಿಂದ ತಂದ್ರು?" ಅಂದ್ರು. ನಾನು ಅವ್ರ ಫೇಸ್ ನೋಡ್ಕೊಂಡ್ ಕೂತೆ, ಅಷ್ಟೇ. ಮಂಡ್ಯಕ್ಕೆ ವಾಪಸ್ ಬರೋ ಬಸ್ಸಲ್ಲಿ ಪೂರ್ತಿ ಅದೇ ಯೋಚ್ನೆ. ಐದು ವರ್ಷ ಪ್ರೋಟೀನ್ ಚಿತ್ರ ನೋಡಿದೀನಿ, ಬಣ್ಣಬಣ್ಣದ ರಿಬ್ಬನ್ನು, ಸುರುಳಿ, ಬಾಣ, ಆದ್ರೆ ಆ ಚಿತ್ರ ಹೆಂಗ್ ಬಂತು ಅಂತ ಒಂದಿನ ಕೇಳ್ಕೊಂಡಿಲ್ಲ.

ಅದಕ್ಕೇ ವಾಟ್ಸಾಪಲ್ಲಿ ಬಂದ ಈ ಪಾಂಪ್ಲೆಟ್ ನೋಡಿ ತಕ್ಷಣ ಫೋನ್ ಮಾಡಿದ್ದು. ಐದು ವೀಕೆಂಡು, ಶನಿವಾರ ಭಾನುವಾರ ಹತ್ರಿಂದ ನಾಲ್ಕು. ಎಕ್ಸ್-ರೇ, ಎನ್‌ಎಂಆರ್, ಕ್ರಯೋ-ಇಎಂ "ಮೂರೂ ಹ್ಯಾಂಡ್ಸ್ ಆನ್" ಅಂತ ಕೆಂಪಕ್ಷರದಲ್ಲಿ ಹಾಕಿದ್ರು, ಪ್ರೋಟೀನಿನ ಆಕಾರ ಕಂಡುಹಿಡಿಯೋ ಮೂರು ವಿಧಾನ ಇವು. ಫೀಸ್ 8,500. ಮಂಡ್ಯದಿಂದ ಬರೋಳು ಸ್ವಲ್ಪ ಕಮ್ಮಿ ಮಾಡ್ಕೊಳಿ ಅಂದೆ, ಟೀ ಫ್ರೀ ಇದೆ ಮೇಡಂ ಅಂದ್ರು. ಆ ಟೀ ಬಗ್ಗೆ ಕೊನೆಗೆ ಬರೀತೀನಿ.

ಮೊದಲ್ನೇ ಶನಿವಾರ ರೈಲು ನಾಗನಹಳ್ಳಿ ಹತ್ರ ಸುಮ್ನೆ ನಿಂತ್ಕೊಂಡು ಲೇಟಾಗಿ ಓಡ್ಕೊಂಡ್ ಹೋದ್ರೆ ಕ್ಲಾಸೇ ಶುರುವಾಗಿಲ್ಲ, ಪ್ರೊಜೆಕ್ಟರ್ ಕೇಬಲ್ ಹುಡುಕ್ತಿದ್ರು. ಒಟ್ಟು 14 ಜನ ಇದ್ವಿ. ಥಿಯರಿ ಮಾಡೋರು ಡೈರೆಕ್ಟ್ರು ಸರ್ರೇ. ಪಿಪಿಟಿ ಓದ್ತಾರೆ, ಅಷ್ಟೇ, ಅದ್ರಲ್ಲಿರೋದನ್ನೇ ಓದ್ತಾರೆ. 1912 ಲಾವೆ, 1915 ಬ್ರ್ಯಾಗ್ ಅಪ್ಪ ಮಗ ಇಬ್ರಿಗೂ ಸೇರಿ ನೊಬೆಲ್, ಮಗನಿಗೆ ಆಗ ಬರೀ 25, 1962 ಕೆಂಡ್ರ್ಯೂ ಪೆರುಟ್ಜ್, ಹಿಂಗೆ ಇಸವಿ ಮೇಲೆ ಇಸವಿ, ಬರ್ಕೊಳ್ತಾ ಬರ್ಕೊಳ್ತಾ ನಿದ್ದೆ ಬಂತು. ಅದ್ರೊಳಗೆ ಎಂಥಾ ಕತೆ ಇದೆ ಅಂತ ಆಮೇಲೆ ನಾನೇ ಓದ್ಕೊಂಡೆ. ಪೆರುಟ್ಜ್ ಅನ್ನೋ ವಿಜ್ಞಾನಿ 1937ರ ಹೊತ್ತಿಗೆ ಹಿಮೋಗ್ಲೋಬಿನ್ ಹಿಡ್ಕೊಂಡು ಕೂತೋರು 1959ರವರ್ಗೂ ಅದ್ರ ಹಿಂದೇನೇ ಇದ್ರು. ಹರಳು ಸಿಕ್ತು, ಎಕ್ಸ್-ರೇ ಹೊಡೆದ್ರೆ ಚುಕ್ಕಿನೂ ಸಿಕ್ತು, ಆದ್ರೆ ಹದಿನೈದು ಹದಿನಾರು ವರ್ಷ ಆ ಚುಕ್ಕಿಯಿಂದ ಮುಂದೆ ಹೋಗೋ ದಾರಿನೇ ಇರ್ಲಿಲ್ಲ. ಯಾಕೆ ಅಂದ್ರೆ ನನ್ನ ಇಂಟರ್ವ್ಯೂಲಿ ಕೇಳಿದ್ರಲ್ಲ, ಅದೇ ಫೇಸು.

ಇದನ್ನ ಅರ್ಥ ಮಾಡ್ಸಿದ್ದು ಮೇಡಂ. ಎಲ್ಲೋ ಒಂದ್ ಲ್ಯಾಬಲ್ಲಿ ಟೆಕ್ನಿಕಲ್ ಆಫೀಸರ್ ಆಗಿ ರಿಟೈರ್ ಆದೋರು, ಕಾಟನ್ ಸೀರೆ, ಕತ್ತಲ್ಲಿ ದಾರದಲ್ಲಿ ನೇತಾಕಿರೋ ಕನ್ನಡಕ, ಇಂಗ್ಲಿಷಲ್ಲಿ ಶುರು ಮಾಡಿ ಎರಡ್ನೇ ವಾಕ್ಯಕ್ಕೆ ಕನ್ನಡಕ್ಕೆ ಬಂದ್ಬಿಡ್ತಾರೆ. ಅವ್ರು ಕೇಳಿದ್ದು ಇಷ್ಟೇ. ನಿಮ್ಮೂರ್ ಹಬ್ಬದಲ್ಲಿ ಹತ್ತು ಜನ ತಮಟೆ ಬಾರಿಸ್ತಾರೆ ಅನ್ಕೊಳಿ, ಒಬ್ಬ ಕೂತ್ಕೊಂಡು ಯಾವ್ ತಮಟೆ ಎಷ್ಟ್ ಜೋರಾಗಿತ್ತು ಅಂತ ಮಾತ್ರ ಬರ್ಕೊಂಡಿದಾನೆ, ಯಾವ್ ಏಟು ಯಾವಾಗ ಬಿತ್ತು ಅನ್ನೋದು ಬರ್ಕೊಂಡೇ ಇಲ್ಲ, ಆ ಚೀಟಿ ಇಟ್ಕೊಂಡು ವಾಪಸ್ ಆ ಮಟ್ಟು ಬಾರ್ಸಕ್ಕಾಗುತ್ತಾ? ಡಿಟೆಕ್ಟರು ಬರ್ಕೊಳೋದೂ ಅಷ್ಟೇ. ಪ್ರತಿ ಚುಕ್ಕಿ ಎಷ್ಟು ಗಾಢ ಅಂತ ಸಿಗುತ್ತೆ, ಆ ಎಕ್ಸ್-ರೇ ಅಲೆ ಯಾವ ಹಂತದಲ್ಲಿ ಬಂದು ತಗುಲ್ತು ಅನ್ನೋದು ಕಳೆದೋಗಿರುತ್ತೆ, ಆ ಹಂತಕ್ಕೇ ಫೇಸ್ ಅನ್ನೋದು. ಪೆರುಟ್ಜ್ ಮಾಡಿದ್ ಉಪಾಯ ಅಂದ್ರೆ ಅದೇ ಪ್ರೋಟೀನಿಗೆ ಪಾದರಸದ ಪರಮಾಣು ಅಂಟಿಸಿ ಇನ್ನೊಂದ್ ಹರಳು ಬೆಳೆಸಿ, ಎರಡ್ರ ಚುಕ್ಕಿಗಳನ್ನ ಹೋಲಿಸಿ ವ್ಯತ್ಯಾಸ ನೋಡಿದ್ದು. ಗುಂಪಲ್ಲಿ ಒಬ್ಬ ಮಾತ್ರ ಡೊಳ್ಳು ಹಿಡ್ಕೊಂಡ್ ಬಂದಂಗೆ, ಅವನ್ ಎಲ್ಲಿದಾನೆ ಅಂತ ಗೊತ್ತಾದ್ರೆ ಮಿಕ್ಕೋರ್ನ ಅವನ ಲೆಕ್ಕದಲ್ಲಿ ಹಿಡೀಬೋದು. ಅದು 1953ರಲ್ಲಿ. ಈಗೆಲ್ಲಾ ಸೆಲೆನಿಯಂ ಸೇರಿಸ್ತಾರೆ, ಇಲ್ಲಾಂದ್ರೆ ಹೋಲಿಕೆ ಇರೋ ಇನ್ನೊಂದು ಪ್ರೋಟೀನಿನ ಸ್ಟ್ರಕ್ಚರ್ ಇಟ್ಕೊಂಡು ಕೂರ್ಸಿ ನೋಡ್ತಾರೆ, ಮಾಲಿಕ್ಯುಲರ್ ರೀಪ್ಲೇಸ್‌ಮೆಂಟ್ ಅಂತ. ಇಷ್ಟಕ್ಕೇ ನನ್ನ ಅರ್ಧ ಫೀಸ್ ವಸೂಲು.

ಮಿಕ್ಕರ್ಧ ವಸೂಲಾಗಿದ್ದು ಎರಡ್ನೇ ವಾರ, ಹರಳು ಬೆಳೆಸಿದ್ದು.

ಲೈಸೋಜೈಮ್, ಕೋಳಿಮೊಟ್ಟೆ ಬಿಳಿಭಾಗದ್ದು. 129 ಅಮೈನೋ ಆಸಿಡ್ಡಿನ ಚಿಕ್ ಪ್ರೋಟೀನು, ಎಂಜೈಮ್‌ಗಳ ಪೈಕಿ ಮೊದ್ಲು ಸ್ಟ್ರಕ್ಚರ್ ಗೊತ್ತಾಗಿದ್ದೇ ಇದ್ರದ್ದು, 1965ರಲ್ಲಿ, ಡೇವಿಡ್ ಫಿಲಿಪ್ಸ್ ಅವ್ರ ಗುಂಪು. ಹರಳಾಗೋದ್ರಲ್ಲಿ ಇದ್ರಷ್ಟು ಒಳ್ಳೇ ಸ್ವಭಾವದ್ದು ಇನ್ನೊಂದಿಲ್ಲ, ಅದಕ್ಕೇ ಕಲಿಯೋರಿಗೆಲ್ಲಾ ಇದೇ. 24 ಗುಳಿ ಇರೋ ಪ್ಲಾಸ್ಟಿಕ್ ಪ್ಲೇಟು, ನಮ್ಮನೆ ಪಡ್ಡು ಹಂಚು ನೋಡ್ದಂಗೇ ಇದೆ. ಒಂದೊಂದ್ ಗುಳಿಗೆ ಅರ್ಧ ಎಂಎಲ್ ಉಪ್ಪಿನ ದ್ರಾವಣ, ಒಂದು ಸಾಲಿಗೆ 4 ಪರ್ಸೆಂಟು, ಮುಂದಿಂದಕ್ಕೆ 5, 6, 7, 8. ಗುಳಿ ಅಂಚಿಗೆ ಸಿರಿಂಜಲ್ಲಿ ಗ್ರೀಸ್ ಹಚ್ಬೇಕು. ಆಮೇಲೆ ಗಾಜಿನ ಚಿಕ್ ಬಿಲ್ಲೆ ಮೇಲೆ 2 ಮೈಕ್ರೋಲೀಟರ್ ಪ್ರೋಟೀನು, ಅದ್ರ ಮೇಲೇ ಗುಳೀಲಿರೋ ದ್ರಾವಣ 2 ಮೈಕ್ರೋಲೀಟರ್, ಗುಳ್ಳೆ ಬರ್ಬಾರ್ದು, ಆಮೇಲೆ ಚಿಮಟದಲ್ಲಿ ಬಿಲ್ಲೆ ಹಿಡ್ದು ಪಟ್ ಅಂತ ತಿರುಗಿಸಿ ಗುಳಿ ಮೇಲೆ ಮುಚ್ಬೇಕು, ಹನಿ ತಲೆಕೆಳಗಾಗಿ ನೇತಾಡ್ತಿರುತ್ತೆ. ಹೇಳಕ್ ಸುಲಭ. ಮೊದಲ್ನೇ ಬಿಲ್ಲೆ ತಿರುಗ್ಸೋವಾಗ ಕೈ ನಡುಗಿ ಹನಿ ಗ್ರೀಸಿಗೆ ಹತ್ಕೊಳ್ತು. ಎರಡ್ನೇದು ನೇರ ಗುಳಿ ಒಳಗೇ ಬಿತ್ತು. ಮೂರ್ನೇದಕ್ಕೆ ಮೇಡಂ ಹಿಂದಿಂದ ಬಂದು "ಉಸ್ರು ಹಿಡ್ಕೋಬೇಡ, ಬಿಡು, ಬಿಡ್ತಾ ತಿರುಗ್ಸು" ಅಂದ್ರು. ಕೂತ್ಕೊಳ್ತು!

ಒಳಗೆ ಆಗೋದೇನು ಅಂದ್ರೆ, ಹನೀಲಿ ಉಪ್ಪು ಗುಳೀಲಿರೋದ್ರ ಅರ್ಧ, ಹಂಗಾಗಿ ಹನಿಯಿಂದ ನೀರು ಆವಿಯಾಗಿ ಮೆಲ್ಲಗೆ ಗುಳಿಗೆ ಹೋಗುತ್ತೆ, ಹನಿ ಕುಗ್ಗುತ್ತೆ, ಪ್ರೋಟೀನೂ ಉಪ್ಪೂ ಎರಡೂ ಗಟ್ಟಿಯಾಗ್ತಾ ಬರುತ್ತೆ. ಒಂದ್ ಮಟ್ಟ ದಾಟಿದ್ರೆ ಬೀಜ ಕಟ್ಟುತ್ತೆ. ಬೀಜ ಕಟ್ಟಿದ್ಮೇಲೆ ಸ್ವಲ್ಪ ಕೆಳಗಿನ ಮಟ್ಟದಲ್ಲಿದ್ರೆ ಹೊಸ ಬೀಜ ಬರಲ್ಲ, ಇರೋದೇ ದಪ್ಪ ಆಗುತ್ತೆ. ಮಟ್ಟ ಜಾಸ್ತಿ ದಾಟ್ಬಿಟ್ರೆ ಎಲ್ಲಾ ಒಟ್ಟಿಗೆ ಇಳಿದು ರವೆ ರವೆ, ಇನ್ನೂ ಮೇಲೆ ಹೋದ್ರೆ ಹಾಲು ಒಡೆದಂಗೆ ಬರೀ ಬಿಳಿ ಕಸ.

ಭಾನುವಾರ ಬೆಳಿಗ್ಗೆ ಹೋಗಿ ಮೈಕ್ರೋಸ್ಕೋಪಲ್ಲಿ ನೋಡಿದ್ರೆ 8 ಪರ್ಸೆಂಟ್ ಗುಳೀಲಿ ಮಿಣಿಮಿಣಿ ಮಿಣಿಮಿಣಿ, ಎಣಿಸಕ್ಕಾಗಲ್ಲ. 6ರಲ್ಲಿ ಒಂದ್ ಇಪ್ಪತ್ತು. 5ರಲ್ಲಿ ಮೂರೇ ಮೂರು, ಅಂಚೆಲ್ಲಾ ಯಾರೋ ಕೂತ್ಕೊಂಡು ತಿದ್ದಿದಂಗೆ, ದಪ್ಪದು ಹೆಚ್ಚೂಕಮ್ಮಿ ಕಾಲು ಮಿಲಿಮೀಟರ್. ಪೋಲರೈಸರ್ ತಿರುಗಿಸಿದ್ರೆ ಹಳದಿ, ನೀಲಿ, ಆಮೇಲೆ ಕತ್ಲು, ಮತ್ತೆ ಹಳದಿ. ನಾನು ಆ ಕಣ್ಣಿನಿಂದ ಏಳ್ಲೇ ಇಲ್ಲ, ಹಿಂದೆ ಕ್ಯೂ ನಿಂತಿದ್ದೋರು ಬೈದ್ರು.

ಈಗ ನನ್ನ ಮಾನ ಹೋಗಿದ್ದೂ ಹೇಳ್ಬೇಕು. 4 ಪರ್ಸೆಂಟ್ ಸಾಲಲ್ಲಿ ಯಾರಿಗೂ ಏನೂ ಬಂದಿರ್ಲಿಲ್ಲ, ನನ್ನ ಒಂದ್ ಗುಳೀಲಿ ಮಾತ್ರ ದೊಡ್ಡ ಚೌಕ ಹರಳು. "ಮೇಡಂ ನನ್ನದ್ರಲ್ಲಿ ಬಂತು!" ಅಂತ ಕೂಗ್ಬಿಟ್ಟೆ. ಅವ್ರು ಬಂದು ನೋಡಿ ಏನೂ ಮಾತಾಡ್ದೆ ಒಂದು ಸೂಜಿ ಕೊಟ್ಟು ಒತ್ತು ಅಂದ್ರು. ಒತ್ತಿದ್ರೆ ಟಕ್ ಅಂತು. ಪ್ರೋಟೀನ್ ಹರಳು ಟಕ್ ಅನ್ನಲ್ವಂತೆ, ಅರ್ಧದಷ್ಟು ನೀರೇ ಇರೋದ್ರಿಂದ ಪುಸಕ್ ಅಂತ ಪುಡಿಯಾಗುತ್ತೆ. ಆಮೇಲೆ ಒಂಚೂರು ನೀಲಿ ಬಣ್ಣ ಹಾಕಿದ್ರು, ಪಕ್ಕದ ಗುಳಿಯ ಹರಳು ಬಣ್ಣ ಕುಡಿದು ನೀಲಿ ಆಯ್ತು, ನನ್ನದು ಕುಡೀಲೇ ಇಲ್ಲ, ಬೆಳ್ಳಗೆ ಕೂತಿತ್ತು. ಅದು ಉಪ್ಪು. ಬಿಲ್ಲೆ ಮುಚ್ಚಿದ್ಮೇಲೆ ಒತ್ತಿ ತಿರುಗಿಸಿ ಗ್ರೀಸ್ ಸೀಲ್ ಮಾಡೋದು ಮರ್ತಿದ್ದೆ, ರಾತ್ರಿ ಪೂರ್ತಿ ಒಣಗಿ ಅಡುಗೆ ಉಪ್ಪು ಕಟ್ಕೊಂಡಿತ್ತು. ಉಪ್ಪಿನ ಹರಳಿಗೆ ಕುಣಿದಾಡಿದ್ದೋಳು ಅಂತ ಇಡೀ ಬ್ಯಾಚ್ ನನ್ನ ಆಮೇಲೆ "ಉಪ್ಪಕ್ಕ" ಅಂತಾನೇ ಕರೀತಿದ್ದಿದ್ದು.

ಇಲ್ಲೇ ಒಂದ್ ಕಂಪ್ಲೇಂಟ್. ಹರಳಿಗೆ ಟೆಂಪರೇಚರ್ ಒಂದೇ ಸಮ ಇರ್ಬೇಕು, ಲೈಸೋಜೈಮ್ ಸೆಕೆ ಜಾಸ್ತಿಯಾದ್ರೆ ಮತ್ತೆ ಕರಗಕ್ ಶುರು ಮಾಡುತ್ತೆ. ಕರೆಂಟ್ ಬಿಲ್ ಉಳ್ಸಕ್ಕೆ ಇವ್ರು ವಾರದ ಮಧ್ಯೆ ಎಸಿ ಆಫ್ ಮಾಡಿದ್ರು, ಏಪ್ರಿಲ್ ತಿಂಗಳು ಬೇರೆ. ಮುಂದಿನ ಶನಿವಾರ ಬಂದ್ರೆ 5 ಪರ್ಸೆಂಟಿನ ಆ ಚೆಂದದ ಹರಳುಗಳ ಮೂಲೆಯೆಲ್ಲಾ ಸವೆದು, ಬಾಯಲ್ಲಿ ಚೀಪಿ ಉಗುಳಿದ ಕಲ್ಲುಸಕ್ಕರೆ ತರ ಆಗಿತ್ತು. ಮೇಡಂ ಮುಖ ನೋಡ್ಬೇಕಿತ್ತು ಆವಾಗ. ಡೈರೆಕ್ಟ್ರಿಗೆ ಏನೂ ಅನ್ಲಿಲ್ಲ, ಸುಮ್ನೆ ಕನ್ನಡಕ ತೆಗ್ದು ಒರೆಸ್ಕೊಂಡ್ರು.

ಮಿಕ್ಕಿದ ಪ್ರೋಟೀನಲ್ಲಿ ಇನ್ನೊಂದ್ಸಲ ಹಾಕ್ಸಿದ್ರು, ಅದ್ರಲ್ಲಿ ಒಂದು ಬಿಲ್ಲೆ ಸೀಲ್ ಮಾಡಿ ಮನೆಗೆ ಕೊಟ್ಟು ಕಳ್ಸಿದ್ರು. ಟಿಫನ್ ಬಾಕ್ಸಲ್ಲಿ ಹತ್ತಿ ಹಾಸಿ, ಸೀಟ್ ಸಿಗ್ದೆ ಇದ್ರೂ ರೈಲಲ್ಲಿ ಅದನ್ನ ಎದೆಗೆ ಒತ್ಕೊಂಡು ತಂದೆ. ನಮ್ಮಪ್ಪ ಸಕ್ಕರೆ ಕಾರ್ಖಾನೇಲಿ ಪ್ಯಾನ್ ಸೆಕ್ಷನ್ನಲ್ಲಿ ಕೆಲ್ಸ ಮಾಡಿ ರಿಟೈರ್ ಆದೋರು. ಅಂದ್ರೆ ಸಿರಪ್ ಕುದಿಸಿ ಸಕ್ಕರೆ ಹರಳು ಕಟ್ಟಿಸೋ ಕೆಲ್ಸ. ಅಪ್ಪನ ಹಳೇ ಲೆನ್ಸ್ ಇನ್ನೂ ಬೀರುಲಿತ್ತು, ತಂದು ಟ್ಯೂಬ್‌ಲೈಟ್ ಕೆಳಗೆ ಹಿಡ್ದು ನೋಡಿ, "ಸೀಡ್ ಎಷ್ಟ್ ಆಕಿದ್ರವ್ವ?" ಅಂದ್ರು.

ಸೀಡ್ ಹಾಕಿಲ್ಲ ಅಪ್ಪ, ತಾನೇ ಕಟ್ಕೊಂಡಿದ್ದು ಅಂದೆ.

"ಅದ್ಕೇ ಈ ಮೂಲೇಲಿ ಫಾಲ್ಸ್ ಗ್ರೇನ್ ಬಂದೈತೆ ನೋಡು, ರವೆ. ನಾವಾಗಿದ್ರೆ ಒಂಚೂರು ನೀರ್ ಕುಡ್ಸಿ ಇದ್ನ ಕರಗ್ಸಿ ದಪ್ಪದ್ನ ಮಾತ್ರ ಉಳಿಸ್ಕೊತಿದ್ದೋ."

ನಾನು ಸುಮ್ನೆ ಕೂತ್ಬಿಟ್ಟೆ. ಮೇಡಂ ಬೋರ್ಡ್ ಮೇಲೆ ಬರೆದ ಗ್ರಾಫು ಅದೇ ತಾನೇ, ಸೀಡಿಂಗ್ ಅಂತ ಅವ್ರೂ ಹೇಳಿದ್ರು, ಚೆನ್ನಾಗಿ ಕಟ್ಟದೆ ಇರೋ ಪ್ರೋಟೀನಿಗೆ ಹಳೇ ಹರಳು ಪುಡಿ ಮಾಡಿ ಬೆಕ್ಕಿನ ಮೀಸೇಲೋ ಕುದುರೆ ಬಾಲದ ಕೂದ್ಲಲ್ಲೋ ಹನಿಗೆ ಗೀರ್ತಾರಂತೆ. ಅಪ್ಪ ಪ್ಯಾನಿಂದ ಪ್ರೂಫ್ ಸ್ಟಿಕ್ಕಲ್ಲಿ ಸ್ಯಾಂಪಲ್ ಎಳ್ದು ಗಾಜಿನ ಮೇಲೆ ಸವರಿ ಬೆಳಕಿಗೆ ಹಿಡ್ದು ನೋಡ್ತಿದ್ದಿದ್ದನ್ನ ನಾನು ಸ್ಕೂಲಿಗೆ ಹೋಗೋವಾಗ ಒಂದ್ಸಲ ಕಣ್ಣಾರೆ ನೋಡಿದೀನಿ. ಇಂಟರ್ವ್ಯೂಗೆ ಅಪ್ಪನ್ನೇ ಕಳಿಸ್ಬೋದಿತ್ತು ಅನ್ಸ್ತು. ಸೋಮವಾರದಿಂದ ಅಪ್ಪ ದಿನಾ ಬೆಳಿಗ್ಗೆ ಹಾಲು ತಂದ್ಮೇಲೆ ಒಂದ್ಸಲ ಅದನ್ನ ನೋಡೋದು, ಅಮ್ಮ ಬೈಯೋದು, ಇದು ಶುರುವಾಯ್ತು.

ಸರಿ, ಕೋರ್ಸಿಗೆ ಬರ್ತೀನಿ. ಮೂರ್ನೇ ವಾರ ಕಂಪ್ಯೂಟರು. ಆರು ಸಿಸ್ಟಮ್ಮು, 14 ಜನ, ಅದ್ರಲ್ಲಿ ಒಂದ್ರ ಮೌಸ್ ಓಡಲ್ಲ. ನಮ್ಮ ಹರಳಿಗೆ ಎಕ್ಸ್-ರೇ ಹೊಡೀಲಿಲ್ಲ, ಆ ಮಿಷನ್ ಇವ್ರ ಹತ್ರ ಇಲ್ಲ, ಅದನ್ನ ಮೊದ್ಲೇ ಹೇಳಿದ್ರು, ಹಂಗಾಗಿ ಬೇಜಾರಿಲ್ಲ. ರೆಡಿ ಇರೋ ಲೈಸೋಜೈಮ್ ಡೇಟಾ ಕೊಟ್ರು, 1.5 ಆಂಗ್‌ಸ್ಟ್ರಾಮ್ ರೆಸೊಲ್ಯೂಶನ್ (ಒಂದು ಆಂಗ್‌ಸ್ಟ್ರಾಮ್ ಅಂದ್ರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು). ಕೂಟ್ ಅನ್ನೋ ಸಾಫ್ಟ್‌ವೇರಲ್ಲಿ ಎಲೆಕ್ಟ್ರಾನ್‌ಗಳು ಎಲ್ಲೆಲ್ಲಿವೆ ಅಂತ ತೋರ್ಸೋ ಮ್ಯಾಪ್ ತೆಗೆದ್ರೆ ನೀಲಿ ಬಲೆ, ಆ ಬಲೆ ಒಳಗೆ ನಾವು ಪರಮಾಣು ಕೂರ್ಸ್ಬೇಕು. ಟ್ರಿಪ್ಟೋಫಾನ್ ಅನ್ನೋ ಅಮೈನೋ ಆಸಿಡ್ ಇರೋ ಜಾಗದಲ್ಲಿ ಬಲೆಗೆ ನಡುವೆ ತೂತು, ಉದ್ದಿನ ವಡೆ ತರ, ಎರಡು ಅಂಟ್ಕೊಂಡಿರೋ ವಡೆ. ಪುಸ್ತಕದಲ್ಲಿ ಷಡ್ಭುಜ ಬರ್ದು ಬರ್ದು ಸಾಕಾಗಿತ್ತು, ಅದು ನಿಜವಾಗ್ಲೂ ಹಂಗೇ ಇದೆ ಅಂತ ಅವತ್ತೇ ನಂಬಿದ್ದು ನಾನು.

ಆರ್-ಫ್ರೀ ಅಂತ ಒಂದಿದೆ, ಇದು ಇಷ್ಟ ಆಯ್ತು. ಡೇಟಾದಲ್ಲಿ 5 ಪರ್ಸೆಂಟೋ 10 ಪರ್ಸೆಂಟೋ ಮೊದ್ಲೇ ಎತ್ತಿ ಪಕ್ಕಕ್ಕಿಡ್ತಾರೆ, ಮಾಡೆಲ್ ತಿದ್ದೋವಾಗ ಅದನ್ನ ಮುಟ್ಟಂಗಿಲ್ಲ, ಕೊನೇಲಿ ಅದ್ರ ಜೊತೆ ತಾಳೆ ನೋಡ್ತಾರೆ. ಕೊಶ್ಚನ್ ಪೇಪರ್ ಲೀಕ್ ಆಗ್ದೆ ಇರೋ ಪರೀಕ್ಷೆ. ನಮ್ಗೆ ನಾವೇ ಸುಳ್ಳು ಹೇಳ್ಕೊಳ್ದೆ ಇರ್ಲಿ ಅಂತ 1992ರಲ್ಲಿ ಬ್ರುಂಗರ್ ತಂದಿದ್ದು.

ಆದ್ರೆ ಡೈರೆಕ್ಟ್ರು ಸರ್ ಮೇಲೆ ನಿಜವಾಗ್ಲೂ ಕೋಪ ಬಂದಿದ್ದೂ ಇಲ್ಲೇ. ರಾಮಚಂದ್ರನ್ ಪ್ಲಾಟ್ ಬಂತು, ಎರಡು ನಿಮಿಷ! "ಹಸಿರು ಬಂದ್ರೆ ಓಕೆ, ಕೆಂಪು ಬಂದ್ರೆ ತಪ್ಪು, ನೆಕ್ಸ್ಟ್" ಅಂದ್ರು. ಅಲ್ಲಾ ಸರ್, ಜಿ.ಎನ್. ರಾಮಚಂದ್ರನ್ 1963ರಲ್ಲಿ ಮದ್ರಾಸಲ್ಲಿ ಕೂತ್ಕೊಂಡು, ಪ್ರೋಟೀನಿನ ಬೆನ್ನೆಲುಬು ಎರಡು ಕಡೆ ಎಷ್ಟೆಷ್ಟು ತಿರುಗ್ಬೋದು, ಎಷ್ಟು ತಿರುಗಿದ್ರೆ ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೀತವೆ ಅಂತ ಲೆಕ್ಕ ಹಾಕಿ ಬರೆದ ಚಿತ್ರ, ಇವತ್ತಿಗೂ ಜಗತ್ತಲ್ಲಿ ಯಾರ್ ಸ್ಟ್ರಕ್ಚರ್ ಮಾಡಿದ್ರೂ ಅದ್ರ ಮುಂದೆ ಹಾಜರಾಗ್ಲೇಬೇಕು, ಆಮೇಲೆ ಅವ್ರು ನಮ್ಮ ಬೆಂಗಳೂರಿನ ಐಐಎಸ್‌ಸಿಗೇ ಬಂದೋರು. ಡೊರೊಥಿ ಹಾಡ್ಜ್‌ಕಿನ್ 1930ರ ದಶಕದಲ್ಲಿ ಇನ್ಸುಲಿನ್ ಹರಳು ಹಿಡ್ದು 1969ಕ್ಕೆ ಸ್ಟ್ರಕ್ಚರ್ ಬಿಡಿಸಿದ್ರಲ್ಲ, ಆ ಟೀಮಲ್ಲಿ ಇದ್ದ ಎಂ. ವಿಜಯನ್ ಕೂಡ ಆಮೇಲೆ ಐಐಎಸ್‌ಸಿಗೆ ಬಂದು ನಮ್ಮ ದೇಶದಲ್ಲಿ ಈ ವಿದ್ಯೆ ಬೆಳೆಸಿದೋರು. ಮೈಸೂರಲ್ಲಿ ಕೂತ್ಕೊಂಡು ಇದನ್ನ ಹೇಳ್ದೆ ಬರೀ ಹಸಿರು ಕೆಂಪು ಅಂದ್ರೆ ಹೆಂಗೆ, ಅದೇನು ಟ್ರಾಫಿಕ್ ಸಿಗ್ನಲ್ಲಾ?

ನಾಲ್ಕನೇ ವಾರ ಎನ್‌ಎಂಆರ್. ಕ್ಲಾಸ್ ತಗೊಂಡ ಹುಡುಗ ಸರ್, ರಿಸರ್ಚ್ ಸ್ಕಾಲರ್ ಅಂತೆ, ಬೆಳಿಗ್ಗೆ ತುಂಬಾ ಚೆನ್ನಾಗ್ ಶುರು ಮಾಡಿದ್ರು. ಹರಳೇ ಬೇಡ, ಪ್ರೋಟೀನು ನೀರಲ್ಲಿ ತೇಲಾಡ್ಕೊಂಡೇ ಇರುತ್ತೆ. ಸುಮಾರು 5 ಆಂಗ್‌ಸ್ಟ್ರಾಮ್ ಒಳಗೆ ಹತ್ರ ಇರೋ ಎರಡು ಹೈಡ್ರೋಜನ್ ಒಂದಕ್ಕೊಂದು ಸುದ್ದಿ ಮುಟ್ಟಿಸ್ತವೆ, ಅದನ್ನ ಕೇಳಿಸ್ಕೊಂಡು ಯಾರ್ ಪಕ್ಕ ಯಾರಿದಾರೆ ಅಂತ ಪಟ್ಟಿ ಮಾಡೋದು. ಮದ್ವೆ ಊಟದ ಪಂಕ್ತಿ ಅನ್ಕೊಳಿ, ಫೋಟೋ ಇಲ್ಲ, ಆದ್ರೆ ಪ್ರತಿಯೊಬ್ರಿಗೂ ಫೋನ್ ಮಾಡಿ ನಿಮ್ಮ ಅಕ್ಕಪಕ್ಕ ಎದ್ರುಗಡೆ ಯಾರಿದ್ರು ಅಂತ ಕೇಳಿದ್ರೆ ಇಡೀ ಪಂಕ್ತಿ ವಾಪಸ್ ಕೂರಿಸ್ಬೋದಲ್ಲ, ಹಂಗೆ. ಕುರ್ಟ್ ವ್ಯೂತ್ರಿಚ್‌ಗೆ ಇದಕ್ಕೇ 2002ರಲ್ಲಿ ನೊಬೆಲ್. ಊಟ ಆದ್ಮೇಲೆ ಮಾತ್ರ ಸ್ಪೀಡ್ ಜಾಸ್ತಿ ಆಯ್ತು, ಕೋಸಿ ಟಾಕ್ಸಿ ನೋಯ್ಸಿ ಅಂತ ಬೇರೆ ಬೇರೆ ಎನ್‌ಎಂಆರ್ ಪ್ರಯೋಗದ ಹೆಸ್ರು ಒಂದಾದ್ಮೇಲೊಂದು, ಮನೆಗೆ ಹೋಗ್ಬೇಕಿತ್ತೇನೋ ಪಾಪ. ಅದ್ರಲ್ಲಿ ಎಚ್‌ಎಸ್‌ಕ್ಯೂಸಿ ಅನ್ನೋ ಪ್ರಯೋಗ ಒಂದೇ ನನ್ ತಲೆಗೆ ಹತ್ತಿದ್ದು. ನೈಟ್ರೋಜನ್-15 ಇರೋ ತಿಂಡಿ ಹಾಕಿ ಬ್ಯಾಕ್ಟೀರಿಯಾ ಬೆಳೆಸಿ ಪ್ರೋಟೀನ್ ತೆಗೆದ್ರೆ, ಬೆನ್ನೆಲುಬಿನ ಒಂದೊಂದ್ ಎನ್‌ಎಚ್‌ಗೆ, ಅಂದ್ರೆ ನೈಟ್ರೋಜನ್-ಹೈಡ್ರೋಜನ್ ಜೋಡಿಗೆ, ಒಂದೊಂದ್ ಚುಕ್ಕಿ. ಪ್ರೋಲೀನ್ ಅನ್ನೋ ಅಮೈನೋ ಆಸಿಡ್ಡಿಗೆ ಆ ಎಚ್ ಇಲ್ಲ, ಚುಕ್ಕಿನೂ ಇಲ್ಲ. ಲೈಸೋಜೈಮಲ್ಲಿ 129, ಪ್ರೋಲೀನ್ ಎರಡು, ತುದೀದು ಒಂದು ಕಾಣಲ್ಲ, ಅಲ್ಲಿಗೆ 126 ಅಂತ ಲೆಕ್ಕ ಹಾಕಿ ಹೇಳಿದ್ದಕ್ಕೆ ಆ ಸರ್ ವೆರಿ ಗುಡ್ ಅಂದ್ರು, ಉಪ್ಪಕ್ಕನ ಮಾನ ಸ್ವಲ್ಪ ವಾಪಸ್ ಬಂತು.

ಎನ್‌ಎಂಆರ್ ಮಿಷನ್ ತೋರ್ಸಕ್ಕೆ ಒಂದು ಕ್ಯಾಂಪಸ್ಸಿಗೆ ಕರ್ಕೊಂಡ್ ಹೋದ್ರು. ಅದು ಭಾರೀ ಮ್ಯಾಗ್ನೆಟ್ಟು, ಅದಕ್ಕೇ ಬಾಗ್ಲಲ್ಲೇ ಫೋನು, ಕೀ, ಎಟಿಎಂ ಕಾರ್ಡು, ಚಿಲ್ರೆ ಎಲ್ಲಾ ಟ್ರೇಲಿ ಹಾಕಿ ಅಂದ್ರು, ಒಬ್ಳು ಹುಡ್ಗಿ ತಲೆಯಿಂದ ಹೇರ್‌ಪಿನ್ ತೆಗೀತಾ ತೆಗೀತಾ ಹನ್ನೊಂದು ತೆಗೆದ್ಲು. ಒಳಗೆ ಸ್ಟೀಲಿನ ದೊಡ್ಡ ಹಂಡೆ, ನಮ್ಮನೆ ಬಚ್ಚಲ ಹಂಡೆಗೆ ಕಾಲು ಬಂದಂಗೆ, ಒಳಗೆ ಲಿಕ್ವಿಡ್ ಹೀಲಿಯಂ, ಮೈನಸ್ 269 ಡಿಗ್ರಿ. ನೋಡಕ್ಕೆ ಏನೂ ಇಲ್ಲ, ಹಂಡೆ ಒಂದು, ಪಕ್ಕದಲ್ಲಿ ಕಂಪ್ಯೂಟರ್ ಒಂದು. ಇಪ್ಪತ್ತೇ ನಿಮಿಷ, ಆಚೆ ಬಂದ್ವಿ. ಅದ್ರಲ್ಲಿ ಅವ್ರದ್ದೇನೂ ತಪ್ಪಿಲ್ಲ, ಅವ್ರ ಕೆಲ್ಸ ನಡೀತಿತ್ತು, ಇವ್ರು ಅದನ್ನ "ಹ್ಯಾಂಡ್ಸ್ ಆನ್" ಅಂತ ಪಾಂಪ್ಲೆಟಲ್ಲಿ ಹಾಕ್ಬಾರ್ದಿತ್ತು. ನನ್ನ ಹ್ಯಾಂಡ್ ಆನ್ ಆಗಿದ್ದು ಆ ಟ್ರೇ ಮೇಲೆ ಮಾತ್ರ.

ಐದನೇ ವಾರ ಕ್ರಯೋ-ಇಎಂ, ಅಂದ್ರೆ ಪ್ರೋಟೀನನ್ನ ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಲ್ಲಿ ನೋಡೋದು, ಇದು ಪಕ್ಕಾ ಮೋಸ. 40 ನಿಮಿಷದ ವಿಡಿಯೋ, ಮನೇಲೇ ಮೊಬೈಲಲ್ಲಿ ಫ್ರೀಯಾಗಿ ನೋಡೋ ಅಂಥದ್ದು, ಅದೂ ಮಧ್ಯೆ ಮಧ್ಯೆ ನೆಟ್ ನಿಂತು ಸುತ್ತುತ್ತೆ. ಆ ಮಿಷನ್ ಹತ್ತಾರು ಕೋಟಿ, ಜೆರಾಕ್ಸ್ ಅಂಗಡಿ ಮೇಲೆ ಇರುತ್ತೆ ಅಂತ ನಾನೂ ಅನ್ಕೊಂಡಿರ್ಲಿಲ್ಲ, ಬೆಂಗಳೂರಲ್ಲಿ ಎನ್‌ಸಿಬಿಎಸ್ ಅನ್ನೋ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಕ್ಯಾಂಪಸ್ಸಲ್ಲಿದೆ ಅಂತ ಗೊತ್ತು. ಕನಿಷ್ಠ ಇಲ್ಲ ಅಂತ ಹೇಳ್ಬೋದಿತ್ತಲ್ಲ.

ಬೇಜಾರು ಯಾಕೆ ಅಂದ್ರೆ ವಿಷ್ಯ ಅಷ್ಟು ಮಜಾ ಇದೆ. ಪ್ರೋಟೀನ್ ಇರೋ ನೀರನ್ನ 3 ಮಿಲಿಮೀಟರ್ ಜಾಲರಿ ಮೇಲೆ ಹಾಕಿ, ಹೀರ್ಸಿ ತೆಳ್ಳಗೆ ಮಾಡಿ, ಲಿಕ್ವಿಡ್ ಈಥೇನಲ್ಲಿ ಕಣ್ಣು ಮಿಟುಕ್ಸೋದ್ರೊಳಗೆ ಮುಳುಗಿಸ್ತಾರೆ, ನೀರಿಗೆ ಐಸ್ ಹರಳು ಕಟ್ಟಕ್ಕೂ ಟೈಮ್ ಸಿಗಲ್ಲ, ಗಾಜಿನ ತರ ಗಟ್ಟಿ ಆಗುತ್ತೆ. ಈಥೇನೇ ಯಾಕೆ, ಲಿಕ್ವಿಡ್ ನೈಟ್ರೋಜನ್ ಇನ್ನೂ ತಣ್ಣಗಿದೆಯಲ್ಲ ಸರ್ ಅಂತ ನಾನು ಕೇಳ್ದೆ. "ಪ್ರೋಟೋಕಾಲ್ ಹಂಗೇ ಇರೋದಮ್ಮ" ಅಂದ್ರು ಡೈರೆಕ್ಟ್ರು. ಮೇಡಂ ಆಮೇಲೆ ಮೆಟ್ಲು ಇಳೀತಾ ಹೇಳಿದ್ರು: ಕಾದ ದೋಸೆ ಕಾವಲಿ ಮೇಲೆ ನೀರು ಚಿಮುಕಿಸಿದ್ರೆ ಹನಿ ಹತ್ಕೊಳ್ದೆ ಕುಣಿಯುತ್ತಲ್ಲ, ಕೆಳಗೆ ಆವಿಯ ಹಾಸಿಗೆ ಆಗಿ, ಹಂಗೆ ನೈಟ್ರೋಜನ್ನಿಗೆ ಜಾಲರಿನೇ ಕಾದ ಕಾವಲಿ, ಸುತ್ತ ಗ್ಯಾಸ್ ಕಟ್ಕೊಂಡು ತಣ್ಣಗಾಗಕ್ಕೆ ಬಿಡಲ್ಲ. ಈಥೇನ್ ಹಂಗೆ ತಕ್ಷಣ ಕುದಿಯಲ್ಲ. ಅರ್ಧ ನಿಮಿಷದ ಉತ್ತರ ಇದು. ಆಮೇಲೆ ಎಲೆಕ್ಟ್ರಾನ್ ಹೊಡೆದು ಲಕ್ಷಗಟ್ಟಲೆ ಮಸುಕು ಚಿತ್ರ ತೆಗ್ದು, ಒಂದೇ ಕೋನದವನ್ನೆಲ್ಲ ಒಟ್ಟಾಕಿ ಸರಾಸರಿ ತೆಗೆದ್ರೆ ಸ್ಪಷ್ಟ ಆಗ್ತಾ ಬರುತ್ತೆ. ದ್ಯುಬೋಶೆ, ಫ್ರಾಂಕ್, ಹೆಂಡರ್ಸನ್ ಮೂವರಿಗೂ 2017ರಲ್ಲಿ ನೊಬೆಲ್. 2020ರಲ್ಲಿ ಅಪೋಫೆರಿಟಿನ್ ಅನ್ನೋ ಪ್ರೋಟೀನಲ್ಲಿ ಒಂದೊಂದು ಪರಮಾಣು ಬೇರೆ ಬೇರೆ ಕಾಣೋವಷ್ಟು ಹೋದ್ರು. ಹರಳು ಕಟ್ಟಲ್ಲ ಅಂತ ಹಠ ಮಾಡೋ ದೊಡ್ಡ ದೊಡ್ಡ ಪ್ರೋಟೀನಿಗೆಲ್ಲಾ ಈಗ ಇದೇ ದಾರಿ.

ಕೊನೇ ದಿನ ನಮ್ ಬ್ಯಾಚಿನ ಒಬ್ಬ ಹುಡುಗ ಎದ್ದು, ಪ್ರೋಟೀನಿನ ಆಕಾರ ಊಹೆ ಮಾಡೋ ಎಐ ಪ್ರೋಗ್ರಾಂ ಆಲ್ಫಾಫೋಲ್ಡ್ ಬಂದಿದೆ, 2024ರಲ್ಲಿ ನೊಬೆಲ್ಲೂ ಬಂತು, 20 ಕೋಟಿಗಿಂತ ಜಾಸ್ತಿ ಸ್ಟ್ರಕ್ಚರ್ ಫ್ರೀ ಇದೆ, ನಾವ್ಯಾಕ್ ಈ ಹನಿ ಗ್ರೀಸು ಅಂತ ಒದ್ದಾಡ್ಬೇಕು ಅಂದ. ನನಗೂ ಅದೇ ಡೌಟ್ ಇತ್ತು. ಮೇಡಂ ಕೇಳಿದ್ರು, ಅದು ಕಲ್ತಿದ್ದು ಯಾವ ಪುಸ್ತಕದಿಂದ? ಪಿಡಿಬಿಯಿಂದ, ಅಂದ್ರೆ ಪ್ರೋಟೀನ್ ಡೇಟಾ ಬ್ಯಾಂಕಿಂದ. 1971ರಲ್ಲಿ ಏಳೇ ಏಳು ಸ್ಟ್ರಕ್ಚರಿಂದ ಶುರುವಾಗಿ ಈಗ ಎರಡು ಲಕ್ಷ ದಾಟಿರೋ ಖಜಾನೆ, ಒಂದೊಂದೂ ಯಾರೋ ಎಲ್ಲೋ ಹಿಂಗೇ ಹನಿ ತಿರುಗಿಸಿಯೋ ಟ್ಯೂಬ್ ತುಂಬಿಸಿಯೋ ತಂದಿದ್ದು. ಊಹೆ ಮಾಡಿದ್ ಸ್ಟ್ರಕ್ಚರಲ್ಲೂ ಎಲ್ಲಿ ನಂಬ್ಬೋದು ಎಲ್ಲಿ ನಂಬ್ಬಾರ್ದು ಅಂತ ಬಣ್ಣ ಹಾಕಿರ್ತಾರೆ, ಹೊಸ ಔಷಧಿ ಒಳಗೆ ಹೆಂಗ್ ಕೂತಿದೆ ಅಂತ ಖಾತ್ರಿ ಬೇಕು ಅಂದ್ರೆ ಇವತ್ತಿಗೂ ಹರಳೋ ಜಾಲರಿನೋ ಬೇಕು. ಅದೂ ಅಲ್ದೆ ಆಲ್ಫಾಫೋಲ್ಡ್ ಮಾಡೆಲ್ಲನ್ನೇ ಇಟ್ಕೊಂಡು ಈಗ ಫೇಸ್ ಬಿಡಿಸ್ತಾರಂತೆ. ಪೆರುಟ್ಜ್ ಪಾದರಸ ಅಂಟಿಸಿ ಮಾಡಿದ್ದನ್ನ ಇವ್ರು ಕೂತಲ್ಲೇ ಮಾಡ್ತಾರೆ. ಆ ಹುಡುಗ ಇನ್ನೂ ಒಪ್ಪಿಲ್ಲ, ಗ್ರೂಪಲ್ಲಿ ಇವತ್ತಿಗೂ ವಾದ ಮಾಡ್ತಿದಾನೆ.

ಇನ್ನು ಚಿಲ್ರೆ ವಿಷ್ಯ. ನೋಟ್ಸ್ ಎಲ್ಲಾ ಕಪ್ಪು ಬಿಳುಪು ಜೆರಾಕ್ಸು, ಎಲೆಕ್ಟ್ರಾನ್ ಡೆನ್ಸಿಟಿ ಚಿತ್ರ ಅಂತ ಇರೋ ಕಡೆ ಇಜ್ಜಲು ಬಳಿದಂಗಿದೆ, ಕೆಳಗೇ ಜೆರಾಕ್ಸ್ ಅಂಗಡಿ ಇಟ್ಕೊಂಡು ಹಿಂಗೆ. ಟಾಯ್ಲೆಟ್ ಕೀ ಆಫೀಸಲ್ಲಿ ಕೇಳಿ ಇಸ್ಕೋಬೇಕು. ಟೀ ಫ್ರೀ ಅಂದ್ರಲ್ಲ, ದಿನಕ್ಕೆ ಒಂದೇ ಸಲ, ಪೇಪರ್ ಕಪ್ಪಲ್ಲಿ, ಎರಡು ಗುಟುಕಿಗೆ ಖಾಲಿ, ಅದ್ರಲ್ಲೂ ಸಕ್ಕರೆ ಕಮ್ಮಿ. ಮಂಡ್ಯದೋಳಿಗೆ ಸಕ್ಕರೆ ಕಮ್ಮಿ ಟೀ ಕೊಡ್ತಾರಲ್ಲ! ಸರ್ಟಿಫಿಕೇಟಿಗೆ ಬೇರೆ 500, ಇದು ಸೇರೋವಾಗ ಹೇಳಿರ್ಲಿಲ್ಲ.

ಹೋಗ್ಬೋದಾ ಅಂತ ಕೇಳಿದ್ರೆ, ಬರೀ ನೆಟ್ ಪರೀಕ್ಷೆಗೆ ಪಾಯಿಂಟ್ಸ್ ಬೇಕು ಅನ್ನೋರು ಹೋಗ್ಬೇಡಿ, ಎನ್‌ಪಿಟಿಇಎಲ್ ಅನ್ನೋ ಫ್ರೀ ಆನ್‌ಲೈನ್ ಪಾಠದ ವಿಡಿಯೋ ಸಾಕು, ಇವ್ರ ಪಿಪಿಟಿಗಿಂತ ನೂರು ಪಾಲು ವಾಸಿ. ಪ್ರೋಟೀನನ್ನ ಕೈಯಲ್ಲಿ ಹಿಡ್ದು ಹರಳು ಕಟ್ಟಿಸ್ಬೇಕು ಅನ್ನೋ ಆಸೆ ಇದ್ರೆ ಹೋಗಿ, ಆದ್ರೆ ಎರಡ್ನೇ ವಾರ ಯಾರು ತಗೋತಾರೆ ಅಂತ ಫೋನಲ್ಲೇ ಕೇಳಿ, ಮೇಡಂ ಅಲ್ಲ ಅಂದ್ರೆ ಇಟ್ಬಿಡಿ. ಬೇರೆ ಎಲ್ಲಾ ಬೇಡ ಆ ಎರಡು ದಿನದ್ದು ಮಾತ್ರ ಕೊಡಿ ಅಂತ ಕೇಳಿ ನೋಡಿ, ನಮ್ ಬ್ಯಾಚಿನ ಒಬ್ರು ಅಕ್ಕ 3,000ಕ್ಕೆ ಒಪ್ಪಿಸಿದ್ರು, ನನಗೆ ಆ ಬುದ್ಧಿ ಹೊಳೀಲಿಲ್ಲ. ಏಪ್ರಿಲ್ ಮೇ ಬ್ಯಾಚ್ ಬೇಡ, ಎಸಿ ಕತೆ ಹೇಳಿದ್ನಲ್ಲ, ಮಳೆಗಾಲ ಆದ್ಮೇಲೆ ಸೇರಿ.

ಅಪ್‌ಡೇಟ್: ಸರ್ಟಿಫಿಕೇಟ್ ಬಂತು, ಆರು ವಾರ ಆದ್ಮೇಲೆ. ನನ್ನ ಇನಿಷಿಯಲ್ ತಪ್ಪು, ಕೋರ್ಸ್ ಹೆಸ್ರಲ್ಲಿ ಪ್ರೋಟೀನ್ ಸ್ಪೆಲ್ಲಿಂಗೂ ತಪ್ಪು. ಫೋನ್ ಮಾಡಿದ್ರೆ ವಾಪಸ್ ತಂದು ಕೊಡಿ ಅಂತಾರೆ, ಮತ್ತೆ ರೈಲಿಗೆ ದುಡ್ಡು ಯಾರ್ ಕೊಡ್ತಾರೆ. ಬಿಲ್ಲೆ ಮೇಲಿನ ಹರಳು ಇನ್ನೂ ಇದೆ, ದೇವ್ರ ಮನೆ ಪಕ್ಕದ ಗೂಡಲ್ಲಿ, ಅಲ್ಲೇ ತಣ್ಣಗಿರೋದು ಅಂತ ಅಪ್ಪ ಇಟ್ಟಿದಾರೆ.